ಅಕ್ಷಾಂಶ ರೇಖಾಂಶ ಸಮೇತ

ಹಾಸನದಲ್ಲಿ ಒಂದು ಕಲಾ ಕಾಲೇಜು ಇದೆ. ಹೆಸರು ಹೇಳುವುದಿಲ್ಲ. ಹೇಳಿದರೆ ಈ ಅಂಕಣವನ್ನೂ ಕತ್ತರಿಸಿ, ‘ಮಾಧ್ಯಮಗಳಲ್ಲಿ ನಮ್ಮ ಕಾಲೇಜು’ ಎಂಬ ಫೈಲಿಗೆ ಅಂಟಿಸಿ, ಕೆಳಗೆ ಐಕ್ಯೂಎಸಿ, ಅಂದರೆ ಕಾಲೇಜಿನ ಗುಣಮಟ್ಟ ನೋಡಿಕೊಳ್ಳುವ ಒಳಗಿನ ಘಟಕದ ಮೊಹರು ಒತ್ತಿಬಿಡುತ್ತಾರೆ. ಹೊಗಳಿದರೂ ಸಾಧನೆ, ಬೈದರೂ ಸಾಧನೆ. ಇಂಥವರನ್ನು ಬೈಯುವುದು ಅಷ್ಟು ಸುಲಭವಲ್ಲ.

ಕಾಲೇಜು ವರ್ಷಕ್ಕೊಂದು ಸುದ್ದಿಪತ್ರ ತರುತ್ತದೆ. ನುಣುಪು ಕಾಗದ, ಬಣ್ಣದ ಮುದ್ರಣ, ಮಾನವಿಕ ಮತ್ತು ಸಮಾಜ ವಿಜ್ಞಾನ ವಿಭಾಗಗಳ ಸಾಧನೆಗಳೆಲ್ಲ ಅದರಲ್ಲಿ. ಮೊದಲರ್ಧ ಪೂರ್ತಿ ಶುಭ ಸಂದೇಶಗಳು. ಸಂದೇಶ ಕೊಟ್ಟವರಲ್ಲಿ ಕೆಲವರು ಅಚ್ಚಾಗುವಷ್ಟರಲ್ಲಿ ವರ್ಗವಾಗಿ ಹೋಗಿದ್ದರಂತೆ. ಅದಕ್ಕೆ ಹಳಬರ ಸಂದೇಶದ ಮೇಲೆ ಹೊಸಬರ ಫೋಟೊ ಹಾಕಿದ್ದಾರೆ. ಒಂದಕ್ಷರವನ್ನೂ ಬದಲಿಸಬೇಕಾಗಿ ಬಂದಿಲ್ಲ.

ಸಂದೇಶ ದಾಟಿದರೆ ಸಾಧನೆ. ಪ್ರತಿ ಫೋಟೊದ ಮೂಲೆಯಲ್ಲೂ ಪುಟ್ಟ ನಕಾಶೆ. ಪಕ್ಕದಲ್ಲಿ ತಾರೀಕು, ಗಂಟೆ, 13.00 ಡಿಗ್ರಿ ಉತ್ತರ, 76.10 ಡಿಗ್ರಿ ಪೂರ್ವ. ಇದಕ್ಕೆ ಜಿಯೋಟ್ಯಾಗ್ ಅನ್ನುತ್ತಾರೆ. ನ್ಯಾಕ್‌ನವರು ಕೇಳುತ್ತಾರೆ. ನ್ಯಾಕ್ ಎಂದರೆ 1994ರಲ್ಲಿ ಹುಟ್ಟಿದ, ಬೆಂಗಳೂರಿನಲ್ಲೇ ಕುಳಿತು ದೇಶದ ಕಾಲೇಜುಗಳಿಗೆಲ್ಲ ಅಂಕ ಹಾಕುವ ಸಂಸ್ಥೆ. ಈ ಕಾಲೇಜಿಗೆ ಅವರು ಬಂದಾಗ ಇದ್ದದ್ದು ಏಳು ಮಾನದಂಡ, ನಾಲ್ಕಕ್ಕೆ ಇಷ್ಟು ಅಂತ ಅಂಕ, ಸಾಮಾನ್ಯವಾಗಿ ಐದು ವರ್ಷಕ್ಕೊಮ್ಮೆ ಪರೀಕ್ಷೆ. ಕಾರ್ಯಕ್ರಮ ನಡೆದದ್ದು ನಿಜವೇ ಅನ್ನುವುದಕ್ಕೆ ಅವರಿಗೆ ಪುರಾವೆ ಬೇಕು. ತಪ್ಪೇನಿಲ್ಲ, ನಮ್ಮ ಕಾಲೇಜುಗಳ ಚರಿತ್ರೆ ಅವರಿಗೂ ಗೊತ್ತಿರುತ್ತದೆ ಅಲ್ವಾ. ಆದರೆ ಪುರಾವೆ ಕೇಳಿ ಕೇಳಿ ಏನಾಯಿತೆಂದರೆ, ಈಗ ಪುರಾವೆಯನ್ನೇ ನಡೆಸುತ್ತಾರೆ. ಟೈಮ್ ಉಳಿದರೆ ಕಾರ್ಯಕ್ರಮ.

ಇತಿಹಾಸ ವಿಭಾಗದ ಹಲ್ಮಿಡಿ ಅಧ್ಯಯನ ಪ್ರವಾಸವನ್ನೇ ನೋಡಿ. ಹಲ್ಮಿಡಿ ಬೇಲೂರು ತಾಲ್ಲೂಕಿನ ಹಳ್ಳಿ. ಅಲ್ಲಿದ್ದ ಶಾಸನವನ್ನು 1936ರಲ್ಲಿ ಎಂ.ಎಚ್. ಕೃಷ್ಣ ಬೆಳಕಿಗೆ ತಂದರು. ಅವರೂ ಇತಿಹಾಸದ ಮೇಷ್ಟ್ರೇ, ಮೈಸೂರು ವಿಶ್ವವಿದ್ಯಾಲಯದಲ್ಲಿ ಪಾಠ ಮಾಡಿದವರು. ಪಾಪ, ಅವರ ಹತ್ತಿರ ಜಿಪಿಎಸ್ ಕ್ಯಾಮೆರಾ ಇರಲಿಲ್ಲ. ಈಗಿನ ಲೆಕ್ಕದಲ್ಲಿ ಆ ಶೋಧ ಊರ್ಜಿತವಾಗುವುದು ಕಷ್ಟ. ಸುಮಾರು 450ರ ಶಾಸನ, 16 ಸಾಲು. ಕದಂಬರ ಕಾಕುಸ್ಥನ ಕಾಲದಲ್ಲಿ ವಿಜ ಅರಸ ಎಂಬ ವೀರ ಯುದ್ಧದಲ್ಲಿ ಹೋರಾಡಿ ಗೆದ್ದ, ಅವನಿಗೆ ಹಲ್ಮಿಡಿ, ಮೂಳಿವಳ್ಳಿ ಎಂಬ ಎರಡು ಊರುಗಳನ್ನು ಕೊಟ್ಟರು ಅಂತ ಅದರಲ್ಲಿದೆ. ಪ್ರಾಣ ಒತ್ತೆಯಿಟ್ಟವನ ಸಾಧನೆಗೆ 16 ಸಾಲು. ಅದನ್ನು ನೋಡಿಕೊಂಡು ಬಂದವರ ಸಾಧನೆಗೆ ಸುದ್ದಿಪತ್ರದಲ್ಲಿ ಎರಡು ಪುಟ.

ನೋಡಿಕೊಂಡು ಬಂದರು ಅನ್ನುವುದೂ ಪೂರ್ತಿ ಸರಿಯಲ್ಲ. ಮೂಲ ಶಾಸನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಹಳ್ಳಿಯಲ್ಲಿರುವುದು ಪ್ರತಿಕೃತಿ. ಫೋಟೊದಲ್ಲಿ ಆ ಪ್ರತಿಕೃತಿಯೂ ಕಾಣುವುದಿಲ್ಲ, ಬ್ಯಾನರ್ ಅಡ್ಡ ಬಂದಿದೆ. ಎಚ್‌ಇಕೆ, ಅಂದರೆ ಇತಿಹಾಸ, ಅರ್ಥಶಾಸ್ತ್ರ, ಕನ್ನಡ ಓದುವ ಹುಡುಗನೊಬ್ಬ, ‘ಸಾರ್, ಇದ್ರಲ್ಲಿ ಏನ್ ಬರ್ದೈತೆ?’ ಅಂತ ಕೇಳಿದನಂತೆ. ‘ಅದು ಮುಂದಿನ ಸೆಮಿಸ್ಟರ್‌ಗೆ ಬರುತ್ತಪ್ಪ. ಈಗ ಸ್ವಲ್ಪ ಬಗ್ಗಿ ನಿಂತ್ಕೊ, ಹಿಂದಿರೋರು ಕಾಣ್ತಿಲ್ಲ’ ಅಂದರು ಮೇಷ್ಟ್ರು. ಈ ದಾನವನ್ನು ಕೆಡಿಸಿದವನಿಗೆ ಮಹಾಪಾತಕ ಎಂಬ ಶಾಪವೂ ಶಾಸನದಲ್ಲಿದೆ. ಕೊನೆ ದಿನ ರಾತ್ರಿ ನ್ಯಾಕ್ ಪೋರ್ಟಲ್‌ಗೆ ಹಾಕಿದ ಫೈಲೆಲ್ಲ ಮಾಯವಾದಾಗ ಐಕ್ಯೂಎಸಿ ಮೇಡಂ ಕೂಡ ಹೆಚ್ಚುಕಮ್ಮಿ ಅದೇ ಮಾತು ಹೇಳಿದರು. ಒಂದೂವರೆ ಸಾವಿರ ವರ್ಷದ ಪರಂಪರೆ ಅಲ್ಲಿ ಮಾತ್ರ ಮುಂದುವರಿದಿದೆ.

ಸಮಾಜಶಾಸ್ತ್ರ ವಿಭಾಗ ಇನ್ನೂ ಒಂದು ಹೆಜ್ಜೆ ಮುಂದೆ. ಅವರದು ಅಂತಾರಾಷ್ಟ್ರೀಯ ವೆಬಿನಾರ್. ವಿಷಯ, ಮಾನವ ಮತ್ತು ವನ್ಯಜೀವಿ ಸಂಘರ್ಷ, ಜಾಗತಿಕ ದೃಷ್ಟಿಯಲ್ಲಿ. ಒಳ್ಳೆಯ ವಿಷಯವೇ. ಆಲೂರು, ಸಕಲೇಶಪುರ, ಬೇಲೂರು ಕಡೆ ಕಾಫಿ ತೋಟದಲ್ಲಿ ಆನೆಗಳು ವರ್ಷಗಟ್ಟಲೆಯಿಂದ ಬೀಡುಬಿಟ್ಟಿವೆ. ಜನ ಅವಕ್ಕೆ ಭೀಮ, ಬೀಟಮ್ಮ ಅಂತ ಹೆಸರಿಟ್ಟು ಕರೆಯುತ್ತಾರೆ. ತೋಟದ ಕೆಲಸಕ್ಕೆ ಹೋದವರು ಸಂಜೆ ಮನೆಗೆ ಬಂದರೆ ಬಂದರು ಅನ್ನುವ ಊರುಗಳಿವೆ. ಆ ಊರುಗಳ ಮಕ್ಕಳೇ ಈ ಕಾಲೇಜಿನ ಕೊನೇ ಬೆಂಚುಗಳಲ್ಲಿ ಕೂತಿದ್ದಾರೆ. ಮುಖ್ಯ ಭಾಷಣಕ್ಕೆ ಮಾತ್ರ ವಿದೇಶದಲ್ಲಿರುವ ಹಳೇ ವಿದ್ಯಾರ್ಥಿಯೊಬ್ಬರೇ ಬೇಕಾದರು.

ಆದದ್ದೇನೆಂದರೆ, ಆ ವಾರ ಅವರು ಹಾಸನಕ್ಕೇ ಬಂದಿದ್ದರು. ವಿದ್ಯಾನಗರದಲ್ಲಿ ಅಕ್ಕನ ಮನೆ. ‘ಸ್ಕೂಟರ್‌ನಲ್ಲಿ ಐದು ನಿಮಿಷ ಸಾರ್, ನಾನೇ ಕಾಲೇಜಿಗೆ ಬಂದುಬಿಡ್ತೀನಿ’ ಅಂದರಂತೆ. ಎಚ್‌ಒಡಿ ಬೆಚ್ಚಿಬಿದ್ದರು. ‘ದಯವಿಟ್ಟು ಬರಬೇಡಿ. ನೀವು ಬಂದರೆ ಕಾರ್ಯಕ್ರಮ ಜಿಲ್ಲಾ ಮಟ್ಟದ್ದಾಗಿಬಿಡುತ್ತೆ. ಅಲ್ಲೇ ಇದ್ದು ಜೂಮ್‌ನಲ್ಲಿ ಬನ್ನಿ. ಹಿಂದೆ ಆ ಹಾಸನಾಂಬೆ ಕ್ಯಾಲೆಂಡರ್ ಒಂದು ತೆಗೆದುಬಿಡಿ.’ ಅವರು ತೆಗೆದರು. ಭಾಷಣದ ನಡುವೆ ಅಕ್ಕ ಬಂದು, ‘ಕಾಫಿ ಇಡ್ಲೇನೋ?’ ಅಂತ ಕೇಳಿದ್ದು ರೆಕಾರ್ಡಿಂಗ್‌ನಲ್ಲಿದೆ. ವರದಿಯಲ್ಲಿ ಅದನ್ನು ‘ಸಾಂಸ್ಕೃತಿಕ ವಿನಿಮಯ’ ಎಂದು ದಾಖಲಿಸಲಾಗಿದೆ.

ಅದೇ ದಿನ ಆಲೂರು ಕಡೆಯ ಹುಡುಗಿಯೊಬ್ಬಳು ಕಾಲೇಜಿಗೆ ಬರಲಾಗಲಿಲ್ಲ. ಮಾರನೇ ದಿನ ಕಾರಣ ಕೇಳಿದರೆ, ‘ರೋಡಲ್ಲಿ ಆನೆ ನಿಂತ್ಕಂಡಿತ್ತು ಸಾರ್, ಬಸ್ ಬರ್ಲಿಲ್ಲ’ ಅಂದಳು. ಆಬ್ಸೆಂಟ್ ಹಾಕಿದರು. ಶೇಕಡಾ 75 ಹಾಜರಾತಿಯ ನಿಯಮದಲ್ಲಿ ಆನೆಗೆ ವಿನಾಯಿತಿ ಇಲ್ಲ. ಆದರೆ ಅವಳಿಗೆ ಸರ್ಟಿಫಿಕೇಟ್ ಬಂತು. ಹಿಂದಿನ ವಾರವೇ ಗೂಗಲ್ ಫಾರ್ಮ್ ತುಂಬಿದ್ದಳಲ್ಲ. ಮಾನವ ಮತ್ತು ವನ್ಯಜೀವಿ ಸಂಘರ್ಷದ ಅಂತಾರಾಷ್ಟ್ರೀಯ ವೆಬಿನಾರ್‌ನಲ್ಲಿ ‘ಸಕ್ರಿಯವಾಗಿ ಭಾಗವಹಿಸಿದ್ದಕ್ಕಾಗಿ’ ಅಂತ ಅದರಲ್ಲಿ ಬರೆದಿತ್ತು. ಇಡೀ ಕಾರ್ಯಕ್ರಮದಲ್ಲಿ ಕೊಟ್ಟ ನಿಜವಾದ ಸರ್ಟಿಫಿಕೇಟ್ ಬಹುಶಃ ಅದೊಂದೇ.

ವೆಬಿನಾರ್‌ನ ಪ್ರಬಂಧಗಳು ಪುಸ್ತಕವಾದವು. ಐಎಸ್‌ಬಿಎನ್ ಎಂಬ ಪುಸ್ತಕದ ಗುರುತಿನ ನಂಬರ್ ಸಮೇತ. ಈ ನಂಬರಿಗೆ ನಮ್ಮಲ್ಲಿ ಎಷ್ಟು ಗೌರವ ಎಂದರೆ, ಹೊರಗಿನವರು ಅದನ್ನು ನೊಬೆಲ್‌ನ ತಮ್ಮ ಅಂದುಕೊಳ್ಳಬೇಕು. ಅಡುಗೆ ಪುಸ್ತಕಕ್ಕೂ ಕೊಡುತ್ತಾರೆ. ಅರ್ಜಿ ಹಾಕಿದರೆ ಸರ್ಕಾರದ ಏಜೆನ್ಸಿ ಪುಕ್ಕಟೆ ಕೊಡುತ್ತದೆ. ಪುಸ್ತಕವನ್ನು ಮೊದಲಿಂದ ಕೊನೆಯವರೆಗೆ ಓದಿದ್ದು ಡಿಟಿಪಿ ಮಾಡಿದ ಹುಡುಗನೊಬ್ಬನೇ. ಅವನೇ ಬಂದು ಸಂಪಾದಕರ ಹತ್ತಿರ, ‘ಸಾರ್, ಇತಿಹಾಸದ ಪ್ರಬಂಧದಲ್ಲಿರೋ ಪ್ಯಾರಾನೇ ಅರ್ಥಶಾಸ್ತ್ರದಲ್ಲೂ ಇದೆ, ರಾಜ್ಯಶಾಸ್ತ್ರದಲ್ಲೂ ಇದೆ’ ಅಂದ. ಸಂಪಾದಕರು ಕನ್ನಡಕ ಸರಿಮಾಡಿಕೊಂಡು, ‘ಅದಕ್ಕೇ ಇಂಟರ್‌ಡಿಸಿಪ್ಲಿನರಿ ಅನ್ನೋದು’ ಅಂದರು.

ಇನ್ನು ಅತಿಥಿ ಉಪನ್ಯಾಸಕರು. ರಾಜ್ಯದ ಸರ್ಕಾರಿ ಪದವಿ ಕಾಲೇಜುಗಳನ್ನು ಹೊತ್ತು ನಡೆಸುತ್ತಿರುವ ಹತ್ತು ಸಾವಿರಕ್ಕೂ ಹೆಚ್ಚು ಜನರಲ್ಲಿ ಕೆಲವರು ಇಲ್ಲಿದ್ದಾರೆ. ಅವರಲ್ಲೊಬ್ಬರಿಗೆ ಪಿಎಚ್‌ಡಿ ಬಂತು. ಸಾಧನೆಗಳ ಪಟ್ಟಿಯಲ್ಲಿ ಅವರದೇ ಮೊದಲ ಹೆಸರು, ಸಿಬ್ಬಂದಿ ಪಟ್ಟಿಯಲ್ಲಿ ಹೆಸರೇ ಇಲ್ಲ. ಅವರು ಬೆಳಿಗ್ಗೆ ಇಲ್ಲಿ ಪಾಠ ಮಾಡುತ್ತಾರೆ, ಮಧ್ಯಾಹ್ನ ಹೊಟ್ಟೆಪಾಡಿಗೆ ಇನ್ನೊಂದು ಕಾಲೇಜಿನಲ್ಲಿ. ಇದನ್ನು ಗಮನಿಸಿದ ಎರಡೂ ಕಾಲೇಜಿನ ಪ್ರಿನ್ಸಿಪಾಲರು ‘ಬೋಧಕರ ವಿನಿಮಯ’ ಅಂತ ಎಂಒಯು ಒಪ್ಪಂದಕ್ಕೆ ಸಹಿ ಹಾಕಿ ಕೈ ಕುಲುಕಿದರು. ಫೋಟೊ ತೆಗೆದವರು ಆ ಬೋಧಕರೇ.

2023ರ ನವೆಂಬರ್‌ನಲ್ಲಿ ಅತಿಥಿ ಉಪನ್ಯಾಸಕರು ಸೇವೆ ಕಾಯಂ ಮಾಡಿ ಅಂತ ತರಗತಿ ಬಿಟ್ಟು ಬೀದಿಗಿಳಿದರಲ್ಲ, ಆ ದಿನಗಳಲ್ಲಿ ಕಾಲೇಜಿನಲ್ಲಿ ಪಾಠವೇ ಇರಲಿಲ್ಲ. ನ್ಯಾಕ್‌ನ ಎರಡನೇ ಮಾನದಂಡದಲ್ಲಿ ‘ವಿದ್ಯಾರ್ಥಿ ಕೇಂದ್ರಿತ ಕಲಿಕೆ’ ಅಂತ ಒಂದು ಕಾಲಂ ಇದೆ. ಆ ದಿನಗಳೆಲ್ಲ ಅಲ್ಲಿ ಹೋಗಿ ಕೂತವು. ನಾಲ್ಕು ವರ್ಷದ ಪದವಿ 2021ರಲ್ಲಿ ಬಂದದ್ದೂ ಸಾಧನೆ, 2024ರಲ್ಲಿ ಹೋಗಿ ಮತ್ತೆ ಮೂರು ವರ್ಷವಾದದ್ದೂ ಸಾಧನೆ. ಎರಡಕ್ಕೂ ಒಂದೇ ಫೋಟೊ.

ಲೈಬ್ರರಿ ವಿಷಯ ಹೇಳದಿದ್ದರೆ ಅನ್ಯಾಯ. ಹಾಸನಾಂಬೆಯ ಬಾಗಿಲು ವರ್ಷಕ್ಕೊಮ್ಮೆ, ದೀಪಾವಳಿ ಹೊತ್ತಿಗೆ ತೆರೆಯುತ್ತದೆ. ಈ ಕಾಲೇಜಿನ ಲೈಬ್ರರಿಯ ರೆಫರೆನ್ಸ್ ಕೋಣೆಗೆ ಅದಕ್ಕಿಂತ ಮಡಿ ಜಾಸ್ತಿ, ಐದು ವರ್ಷಕ್ಕೊಮ್ಮೆ. ಹಾಸನಾಂಬೆಯ ಗರ್ಭಗುಡಿಯಲ್ಲಿ ಹಚ್ಚಿಟ್ಟ ದೀಪ ವರ್ಷ ಕಳೆದರೂ ಆರಿರುವುದಿಲ್ಲ ಅಂತ ನಂಬಿಕೆ. ಇಲ್ಲೂ ಬಾಗಿಲು ತೆರೆದಾಗ ಹಿಂದಿನ ನ್ಯಾಕ್‌ನಲ್ಲಿ ಹಾಕಿದ್ದ ಟ್ಯೂಬ್‌ಲೈಟ್ ಉರಿಯುತ್ತಲೇ ಇತ್ತು. ಪವಾಡವಲ್ಲ, ಅಟೆಂಡರ್ ಆಫ್ ಮಾಡಲು ಮರೆತಿದ್ದ.

ಹೀಗಾಗಿ ಓದುವ ಮಕ್ಕಳು ಬೇರೆ ಕಡೆ ಓದಿಕೊಳ್ಳುತ್ತಾರೆ. ಇಲ್ಲೇ ಬಿಎ ಮುಗಿಸಿದ ಬೇಲೂರಿನ ಹುಡುಗಿಯೊಬ್ಬಳಿಗೆ ಎಸ್‌ಡಿಎ ಕೆಲಸ ಸಿಕ್ಕಿತು. ತಕ್ಷಣ ಗೇಟಿನ ಮೇಲೆ ಫ್ಲೆಕ್ಸ್, ಆಮೇಲೆ ಶಾಲು, ಹಾರ, ಮೊಮೆಂಟೊ. ಮೈಕ್ ಕೊಟ್ಟಾಗ ಅವಳು ಇದ್ದದ್ದು ಇದ್ದಂಗೆ ಹೇಳಿದಳು. ‘ಶಕ್ತಿ ಯೋಜನೆ ಬಂದ್ಮೇಲೆ ಬಸ್ ಚಾರ್ಜ್ ಉಳೀತು. ಅದ್ರಲ್ಲಿ ಪುಸ್ತಕ ತಗೊಂಡೆ. ಹೋಗ್ತಾ ಬರ್ತಾ ಬಸ್ಸಲ್ಲೇ ಓದ್ದೆ.’ ಕಾಲೇಜಿನ ಹೆಸರು ಬರಲೇ ಇಲ್ಲ. ಸಭೆಯಲ್ಲಿ ಒಂದು ಕ್ಷಣ ಮೌನ. ಆದರೆ ಐಕ್ಯೂಎಸಿ ಮೇಡಂ ಸುಮ್ನೆ ಕೂರುವವರಲ್ಲ. ಆ ವರ್ಷದ ವರದಿಯಲ್ಲಿ ‘ಸಂಚಾರಿ ಗ್ರಂಥಾಲಯ ಸೌಲಭ್ಯ’ ಎಂಬ ಹೊಸ ಸಾಲು ಸೇರಿತು. ಪುರಾವೆಗೆ ಬೇಲೂರು ಬಸ್ಸಿನ ಫೋಟೊ.

ಕೊನೆಗೂ 2024ರಲ್ಲಿ ಪಿಯರ್ ಟೀಮ್, ಅಂದರೆ ಖುದ್ದಾಗಿ ಬಂದು ನೋಡುವ ನ್ಯಾಕ್ ತಂಡ ಬಂತು. ನೆಲಕ್ಕೆ ಕೆಂಪು ಹಾಸು, ಗೋಡೆಗೆ ಹೊಸ ಸುಣ್ಣ. ಹುಡುಗರಿಗೆ ಒಂದು ವಾರ ತಾಲೀಮು. ಯಾರು ಏನು ಕೇಳಿದರೂ ‘ತುಂಬಾ ಚೆನ್ನಾಗಿದೆ ಸಾರ್’ ಅನ್ನಬೇಕು. ತಂಡದಲ್ಲಿದ್ದ ಹಿರಿಯರೊಬ್ಬರು ತಾಲೀಮಿಗೆ ಬಾರದ ಹುಡುಗನನ್ನೇ ಹಿಡಿದು, ‘ನಿಮ್ಮ ಕಾಲೇಜಿನ ವೈಶಿಷ್ಟ್ಯ ಏನಪ್ಪ?’ ಅಂದರು. ಈ ವೈಶಿಷ್ಟ್ಯದ ಬಗ್ಗೆ ಕಾಲೇಜು ಉದ್ದದ ವರದಿಯನ್ನೇ ಪೋರ್ಟಲ್‌ಗೆ ಹಾಕಿತ್ತು. ಹುಡುಗ ಯೋಚಿಸಿ, ‘ಬಸ್ ಸ್ಟ್ಯಾಂಡ್ ಹತ್ರ ಸಾರ್’ ಅಂದ. ಹಿರಿಯರು ನಕ್ಕು ಬರೆದುಕೊಂಡರು. ಅವರು ಬರೆದುಕೊಂಡದ್ದು ಅದೊಂದೇ ಅಂತ ಪಕ್ಕದಲ್ಲಿದ್ದವರು ಹೇಳುತ್ತಾರೆ.

ಮಧ್ಯಾಹ್ನ ತಂಡವನ್ನು ಬೇಲೂರಿಗೆ ಕರೆದೊಯ್ದರು. 2023ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿದ ಮೇಲೆ ಅದನ್ನು ತೋರಿಸದೆ ಕಳಿಸುವುದು ಅಪಚಾರ. ಮದನಿಕೆಗಳ ಹತ್ತಿರ ಗೈಡ್ ವಿವರಿಸಿದ. ಬಳ್ಳಿಗಾವಿಯ ದಾಸೋಜ, ಅವನ ಮಗ ಚಾವಣ ಇಂಥ ಶಿಲ್ಪಿಗಳು ತಾವು ಕೆತ್ತಿದ್ದರ ಮೇಲೆ ತಮ್ಮ ಹೆಸರು, ಬಿರುದು ಕೊರೆದಿದ್ದಾರೆ ಅಂತ. ‘ನೋಡಿ, ಆಗಲೂ ದಾಖಲೆ ಇಡ್ತಿದ್ರು’ ಅಂತ ಪ್ರಿನ್ಸಿಪಾಲರಿಗೆ ಖುಷಿಯೋ ಖುಷಿ. ದಾಸೋಜ ಮದನಿಕೆ ಮುಗಿಸಿ ಆಮೇಲೆ ಹೆಸರು ಕೊರೆದ. ನಮ್ಮವರು ಮೊದಲು ಹೆಸರು, ಬಿರುದು ಕೊರೆದು, ಮದನಿಕೆಗೆ ಅಂತ ಮೇಲೆ ಜಾಗ ಬಿಟ್ಟಿದ್ದಾರೆ. ಅಷ್ಟೇ ವ್ಯತ್ಯಾಸ.

ಗ್ರೇಡ್ ಬಿ ಪ್ಲಸ್ ಪ್ಲಸ್ ಬಂತು. ನಾಲ್ಕಕ್ಕೆ 2.76 ಬಂದರೂ ಅದೇ ಗ್ರೇಡು. ಫ್ಲೆಕ್ಸ್‌ನಲ್ಲಿ ‘ಬಿ’ ಸಣ್ಣದು, ಪ್ಲಸ್‌ಗಳು ಆಳೆತ್ತರ. ದೂರದಿಂದ ನೋಡಿದವರು ಆಸ್ಪತ್ರೆ ಅಂದುಕೊಂಡು ಒಳಗೆ ಬಂದದ್ದೂ ಉಂಟು.

ಎಲ್ಲ ಚೆನ್ನಾಗಿಯೇ ಇತ್ತು. ಆಮೇಲೆ 2025ರ ಫೆಬ್ರವರಿ ಬಂತು. ಒಂದೇ ತಿಂಗಳಲ್ಲಿ ಮೂರು ಪೆಟ್ಟು. ಮೇಷ್ಟ್ರುಗಳು ಕಷ್ಟಪಟ್ಟು, ಕೆಲವರು ಕಾಸೂ ಕೊಟ್ಟು, ಲೇಖನ ಹಾಕಿಸುತ್ತಿದ್ದ ನಿಯತಕಾಲಿಕಗಳಿಗೆ ಮಾನ್ಯತೆ ಕೊಡುತ್ತಿದ್ದ ಯುಜಿಸಿ ಕೇರ್ ಪಟ್ಟಿಯನ್ನು ಯುಜಿಸಿಯೇ ಕೈಬಿಟ್ಟಿತು. ಅದೇ ತಿಂಗಳು ಸಂಪುಟ ಉಪಸಮಿತಿ ರಾಜ್ಯದ ಒಂಬತ್ತು ಹೊಸ ವಿಶ್ವವಿದ್ಯಾಲಯಗಳನ್ನು ಮುಚ್ಚಬಹುದು ಅಂದಿತು. ಅದರಲ್ಲಿ ಹಾಸನದ್ದೂ ಒಂದು. 2023ರಲ್ಲಿ ಸರ್ಕಾರ ಒಟ್ಟಿಗೆ ಏಳು ವಿಶ್ವವಿದ್ಯಾಲಯ ಉದ್ಘಾಟಿಸಿದಾಗ, ಹೇಮಗಂಗೋತ್ರಿಯ ಸ್ನಾತಕೋತ್ತರ ಕೇಂದ್ರವೇ ಹಾಸನ ವಿಶ್ವವಿದ್ಯಾಲಯವಾಗಿತ್ತು. ಆಗ ಕಾಲೇಜು ಲೆಟರ್‌ಹೆಡ್ ಕಟ್ಟುಗಟ್ಟಲೆ ಹೊಸದಾಗಿ ಹೊಡೆಸಿತ್ತು. ಹಳೇ ಮೈಸೂರು ವಿಶ್ವವಿದ್ಯಾಲಯದ ಹೆಸರಿನ ಲೆಟರ್‌ಹೆಡ್‌ಗಳನ್ನು ಎಸೆಯಬೇಡಿ ಅಂತ ಗುಮಾಸ್ತರು ಅವತ್ತೇ ಹೇಳಿದ್ದರು. ಕಾಲೇಜಿನಲ್ಲಿ ಭವಿಷ್ಯ ಬಲ್ಲವರು ಇಬ್ಬರಿದ್ದರೆ ಒಬ್ಬರು ಗುಮಾಸ್ತರು.

ಆದರೆ ಪ್ರಿನ್ಸಿಪಾಲರ ನಿದ್ದೆ ಕೆಡಿಸಿದ್ದು ಮೂರನೆಯದು. ಒಳ್ಳೆ ಗ್ರೇಡಿಗಾಗಿ ಲಂಚ ಪಡೆದ ಆರೋಪದ ಮೇಲೆ ನ್ಯಾಕ್ ತಂಡವೊಂದರ ಸದಸ್ಯರನ್ನೇ ಸಿಬಿಐ ಬಂಧಿಸಿತು. ಅದು ಆಂಧ್ರದ ಕಡೆಯ ಸಂಸ್ಥೆ, ಇಲ್ಲಿಗೆ ಸಂಬಂಧವೇ ಇಲ್ಲ. ಆದರೂ ಪೇಪರ್ ಓದುತ್ತಿದ್ದ ಹಾಗೇ ಅವರಿಗೆ ಏನೋ ನೆನಪಾಗಿ ಗುಮಾಸ್ತರನ್ನು ಕರೆಸಿದರು.

‘ನಾವು ತಂಡಕ್ಕೆ ತಲಾ ಅರ್ಧ ಕೆಜಿ ಕಾಫಿ ಪುಡಿ ಕೊಟ್ವಲ್ರೀ?’

‘ಕೊಟ್ವಿ ಸಾರ್. ನಮ್ಮೂರ ಮರ್ಯಾದೆ ಅದು.’

‘ಕೊಟ್ಟಿದ್ದಕ್ಕೆ ಏನಾದ್ರೂ ಸಾಕ್ಷಿ ಇದೆಯಾ?’

ಗುಮಾಸ್ತರು ಮಾತಾಡದೆ ಕಪಾಟಿನಿಂದ ಸುದ್ದಿಪತ್ರ ತಂದು ಹಿಂದಿನ ರಕ್ಷಾಪುಟ ತೋರಿಸಿದರು. ಪೊಟ್ಟಣ ಕೊಡುತ್ತಿರುವ ಪ್ರಿನ್ಸಿಪಾಲರು, ಎರಡೂ ಕೈಯಲ್ಲಿ ತೆಗೆದುಕೊಳ್ಳುತ್ತಿರುವ ತಂಡ. ಪೂರ್ತಿ ಬಣ್ಣದಲ್ಲಿ. ಮೂಲೆಯಲ್ಲಿ ತಾರೀಕು, ಗಂಟೆ, ನಿಮಿಷ, 13.00 ಡಿಗ್ರಿ ಉತ್ತರ, 76.10 ಡಿಗ್ರಿ ಪೂರ್ವ.

ಪ್ರಿನ್ಸಿಪಾಲರು ಕುರ್ಚಿಗೆ ಒರಗಿಬಿಟ್ಟರು. ಗುಮಾಸ್ತರು ಬಾಗಿಲು ಮುಂದೆ ಮಾಡಿ, ಹತ್ತಿರ ಬಗ್ಗಿ ಹೇಳಿದರು. ‘ಹೆದರ್ಕೋಬೇಡಿ ಸಾರ್. ಅದ್ರಲ್ಲಿ ಅರ್ಧಕ್ಕರ್ಧ ಚಿಕೋರಿ.’