ಬರದ ಭಾರ ದೂರದವರ ಹೆಗಲಿಗೂ ಹೋಗಬೇಕು

ಮುಂಬೈನಲ್ಲಿ ಮರುವಿಮೆಯ, ಅಂದರೆ ವಿಮಾ ಕಂಪನಿಗಳೇ ತಮ್ಮ ಹೊಣೆಗೆ ಮಾಡಿಸುವ ವಿಮೆಯ, ಲೆಕ್ಕಾಚಾರದಲ್ಲೇ ಇರುವವನು ನಾನು. ಕಂಪನಿಯ ಹೊಣೆಗೆ ಮಿತಿ ಹಾಕಿ ಮಿಕ್ಕಿದ್ದನ್ನು ರಾಜ್ಯ ಸರ್ಕಾರಕ್ಕೆ ಬಿಡುವ, ಇಲ್ಲಿನ ಮಹಾರಾಷ್ಟ್ರದ ಬೀಡ್ ಜಿಲ್ಲೆಯ ಮಾದರಿಯ ಬೆಳೆ ವಿಮೆ ನಮ್ಮ ಗದಗ, ಹಾವೇರಿ ಕಡೆಗೆ ಇದ್ದ ಹಾಗೇ ಹೊಂದುತ್ತದೆ ಎಂಬುದನ್ನು ಒಪ್ಪುವುದು ನನಗೆ ಕಷ್ಟ.

ಹುಬ್ಬಳ್ಳಿಯ ಬೈಕುಗಳೆಲ್ಲ ಒಂದೇ ದಿನ ಅಪಘಾತಕ್ಕೆ ಸಿಗುವುದಿಲ್ಲ. ಮಳೆ ಕೈಕೊಟ್ಟರೆ ಮಾತ್ರ ರೋಣದ ಹೆಸರುಕಾಳು, ರಾಣೆಬೆನ್ನೂರಿನ ಗೋವಿನಜೋಳ, ನವಲಗುಂದದ ಹತ್ತಿ ಒಟ್ಟಿಗೇ ಒಣಗುತ್ತವೆ. 2023ರಲ್ಲಿ ಕರ್ನಾಟಕದ 223 ತಾಲ್ಲೂಕುಗಳು ಬರಪೀಡಿತವಾದವು. ಇಂಥ ಹೊರೆಯನ್ನು ವಿಮಾ ಕಂಪನಿ ಒಬ್ಬಂಟಿಯಾಗಿ ಹೊರಲಾರದು. ಅದಕ್ಕೇ ಮರುವಿಮೆ.

ಉದಾಹರಣೆಗೆ, ರೈತರ ಮತ್ತು ಸರ್ಕಾರಗಳ ಪಾಲು ಸೇರಿ ಮುಂಗಾರಿನ ಒಟ್ಟು ಕಂತು (ಪ್ರೀಮಿಯಂ) 100 ಕೋಟಿ ರೂಪಾಯಿ ಎನ್ನಿ. ಕಂತನ್ನೂ ನಷ್ಟವನ್ನೂ ಒಂದೇ ಪ್ರಮಾಣದಲ್ಲಿ ಹಂಚುವ ಪಾಲು ಒಪ್ಪಂದದಲ್ಲಿ ಕಂಪನಿ ಶೇ 70ರಷ್ಟನ್ನು ಮರುವಿಮೆದಾರರಿಗೆ ಕೊಟ್ಟು 30 ಕೋಟಿ ಉಳಿಸಿಕೊಳ್ಳುತ್ತದೆ. ಬರ ಬಿದ್ದು ಪರಿಹಾರ 180 ಕೋಟಿಯಾದರೆ 126 ಕೋಟಿ ಮರುವಿಮೆದಾರರದು, 54 ಕೋಟಿ ಕಂಪನಿಯದು. ಈ 54ರ ಮೇಲೂ ನಷ್ಟಮಿತಿ ಒಪ್ಪಂದ ಇರುತ್ತದೆ: ಉಳಿಸಿಕೊಂಡ ಕಂತಿನ ಶೇ 110 ದಾಟಿದ್ದು, ಅಂದರೆ 33 ಕೋಟಿಯ ಮೇಲಿನ 21 ಕೋಟಿ, ಮತ್ತೆ ಮರುವಿಮೆದಾರರ ತಲೆಗೆ. ಅದಕ್ಕೆ ಬೇರೆ ಕಂತು ಕಟ್ಟಬೇಕು. ಮೇಲೊಂದು ಗರಿಷ್ಠ ಮಿತಿಯೂ ಇರುತ್ತದೆ. ಅದು ದಾಟಿದರೆ ಹೊರೆ ಪುನಃ ಕಂಪನಿಗೇ. ರೈತನ ಕರಾರು ಇರುವುದು ವಿಮಾ ಕಂಪನಿಯ ಜೊತೆ ಮಾತ್ರ. ಮರುವಿಮೆಯ ಹಣ ಬರಲಿಲ್ಲವೆಂದು ಕಂಪನಿ ಪರಿಹಾರ ತಡೆಯುವಂತಿಲ್ಲ.

ಆ 126 ಕೋಟಿ ಮುಂಬೈನ ಸರ್ಕಾರಿ ಮರುವಿಮಾ ಕಂಪನಿ ಜಿಐಸಿ ರೀ, ಮ್ಯೂನಿಕ್, ಜ್ಯೂರಿಕ್‌ನಂಥ ಕಡೆಯಿಂದ ಬರುತ್ತದೆ. ಫ್ಲೋರಿಡಾದ ಚಂಡಮಾರುತ, ಜಪಾನಿನ ಭೂಕಂಪದ ಹೊಣೆಯನ್ನೂ ಈ ಮರುವಿಮೆದಾರರು ಹೊತ್ತಿರುತ್ತಾರೆ. ಮುಂಡರಗಿಯ ಬರಕ್ಕೂ ಅವಕ್ಕೂ ನಂಟಿಲ್ಲ. ಹಂಚಿಕೆಯ ಬಲವೆಲ್ಲ ಅಲ್ಲೇ ಇದೆ.

2020ರಲ್ಲಿ ಬೀಡ್‌ನಲ್ಲಿ ಶುರುವಾದ ಪದ್ಧತಿಯಲ್ಲಿ ಕಂಪನಿಯ ಹೊಣೆ ಒಟ್ಟು ಕಂತಿನ ಶೇ 110ಕ್ಕೆ ನಿಲ್ಲುತ್ತದೆ. ಮೇಲೆ ಹೇಳಿದ ಬರದಲ್ಲಿ 70 ಕೋಟಿ ರಾಜ್ಯ ಸರ್ಕಾರದ್ದು. ಪರಿಹಾರ 50 ಕೋಟಿ ಮಾತ್ರವಾದ ವರ್ಷ ಕಂಪನಿ 20 ಕೋಟಿ ಇಟ್ಟುಕೊಂಡು 30 ಕೋಟಿ ರಾಜ್ಯಕ್ಕೆ ಮರಳಿಸಬೇಕು. ಇದು ನಿಜಕ್ಕೂ ಒಳ್ಳೆಯದು, ನಮ್ಮವರು ಕೇಳಲೇಬೇಕಾದದ್ದು. ಆದರೆ ಬರದ ವರ್ಷವೇ ಮೇವು, ಕುಡಿಯುವ ನೀರಿನ ಟ್ಯಾಂಕರ್ ಅಂತ ಖಜಾನೆ ಬರಿದಾಗುತ್ತಿರುತ್ತದೆ. ಅದೇ ಖಜಾನೆಯ ಮೇಲೆ ಈ 70 ಕೋಟಿಯೂ ಬಿದ್ದರೆ ಪರಿಹಾರ ತಡವಾಗುತ್ತದೆ, ಹಿಂಗಾರಿ ಕಡಲೆ ಬೀಜಕ್ಕೆ ರೈತ ಸಾಲ ಹುಡುಕಬೇಕಾಗುತ್ತದೆ.

ಹಾಗಾಗಿ ಬೀಡ್ ಪದ್ಧತಿ ಬಂದರೆ, ಶೇ 110ರ ಮೇಲಿನ ತನ್ನ ಹೊಣೆಗೆ ರಾಜ್ಯವೂ ರಕ್ಷಣೆ ಖರೀದಿಸಲಿ. ಒಳ್ಳೆಯ ವರ್ಷಗಳಲ್ಲಿ ಮರಳುವ ಹಣದಿಂದಲೇ ಅದರ ಕಂತು ಕಟ್ಟಬಹುದು. ನಮ್ಮಲ್ಲಿ ಮರುವಿಮೆ ಒಪ್ಪಂದಗಳು ಹೆಚ್ಚಾಗಿ ಏಪ್ರಿಲ್ 1ಕ್ಕೆ ನವೀಕರಣವಾಗುತ್ತವೆ. ಮಾತುಕತೆ ಅದಕ್ಕೂ ಮೊದಲೇ ಮುಗಿಯಬೇಕು. ಮುಂಗಾರು ದುರ್ಬಲ ಎಂಬ ಮುನ್ಸೂಚನೆ ಬಂದ ಮೇಲೆ ಹೋದರೆ ದರ ಏರಿರುತ್ತದೆ, ಕೆಲವರು ಒಪ್ಪುವುದೂ ಇಲ್ಲ.