ಕೆಂಪಿನ ಮೇಲೊಂದು ತಕರಾರು

ಬಳ್ಳಾರಿಯ ನಮ್ಮ ಮನೆಗೆ ಸುಣ್ಣ-ಬಣ್ಣ ಮಾಡಿಸಲು ಹೊರಟಾಗ, ಗೋಡೆಯ ಅಳತೆಗೆಂದು ಬಂದ ಬಣ್ಣದ ಅಂಗಡಿಯ ಹುಡುಗ ಗೋಡೆಯನ್ನು ಬಿಟ್ಟು ಅದರ ಮೇಲಿದ್ದ ಕಿನ್ನಾಳದ ಕೆಂಪು ಬಣ್ಣದ ಕಟ್ಟಿಗೆಯ ಗರುಡನನ್ನೇ ದಿಟ್ಟಿಸಿ ನೋಡಿ, "ಸರ್, ಇದನ್ನ ಹಾಲ್‌ನಾಗ ಇಡಬಾರದ್ರಿ, ಕೆಂಪು ನೋಡಿದ್ರ ಸಿಟ್ಟು ಜಾಸ್ತಿ ಆಗ್ತದ" ಎಂದ. ನನಗೆ ಸಿಟ್ಟು ಬಂದದ್ದು ನಿಜ. ಆದರೆ ಅದಕ್ಕೆ ಗರುಡ ಕಾರಣನಾಗಿರಲಿಲ್ಲ. ಹುಡುಗನ ಕೈಯಲ್ಲಿದ್ದ ಶೇಡ್ ಕಾರ್ಡಿನಲ್ಲಿ ಒಂದೊಂದು ಬಣ್ಣದ ಕೆಳಗೂ ಒಂದೊಂದು ಮನೋಭಾವವನ್ನು ಅಚ್ಚು ಹಾಕಿಸಿದ್ದರು: ತಿಳಿ ನೀಲಿಗೆ ಶಾಂತಿ, ಹಳದಿಗೆ ಉಲ್ಲಾಸ, ಹಸಿರಿಗೆ ನೆಮ್ಮದಿ. ನೆಮ್ಮದಿಯು ಇಪ್ಪತ್ತು ಲೀಟರಿನ ಡಬ್ಬಿಯಲ್ಲಿ ಸಿಗುವುದಾದರೆ ಇಷ್ಟು ವರ್ಷ ನಾನು ಪಟ್ಟ ಪಾಡಾದರೂ ಯಾಕೆ ಬೇಕಿತ್ತು?

ಬಣ್ಣಕ್ಕೂ ಭಾವಕ್ಕೂ ಗಂಟು ಹಾಕುವ ಈ ವಿದ್ಯೆ ಹೊಸದೇನೂ ಅಲ್ಲ. ಭರತಮುನಿಯ ನಾಟ್ಯಶಾಸ್ತ್ರದ ಆರನೆಯ ಅಧ್ಯಾಯವೇ ರೌದ್ರಕ್ಕೆ ಕೆಂಪು, ಹಾಸ್ಯಕ್ಕೆ ಬಿಳಿ, ಕರುಣಕ್ಕೆ ಪಾರಿವಾಳದ ಬೂದು, ಭಯಾನಕಕ್ಕೆ ಕಪ್ಪು ಎಂದು ಹಂಚಿಕೊಟ್ಟಿದೆ. ಆ ಮಟ್ಟಿಗೆ ಹುಡುಗನ ಪರವಾಗಿ ಭರತಮುನಿಯೇ ಸಾಕ್ಷಿ ನುಡಿಯುತ್ತಾನೆ. ಆದರೆ ಅದೇ ಪಟ್ಟಿಯಲ್ಲಿ ನೀಲಿಯು ಬೀಭತ್ಸದ, ಎಂದರೆ ಹೇಸಿಗೆಯ, ಪಾಲಿಗೆ ಬಂದಿದೆ. ಶೇಡ್ ಕಾರ್ಡನ್ನು ನಂಬಿ ಮಲಗುವ ಕೋಣೆಗೆ ನೀಲಿ ಬಳಿಸಿಕೊಂಡವರು ಭರತನ ಲೆಕ್ಕದಲ್ಲಿ ಏನನ್ನು ಬಳಿಸಿಕೊಂಡಂತಾಯಿತು ಎಂಬುದನ್ನು ಅವರೇ ಯೋಚಿಸಲಿ.

ಕೆಂಪಿನ ವಿಚಾರ ಬಂದಾಗಲೆಲ್ಲ ನನಗೆ ನೆನಪಾಗುವುದು ನಮ್ಮ ತಾಯಿಯ ತವರೂರಿನ ದ್ಯಾಮವ್ವ. ಕೊಪ್ಪಳ ಸೀಮೆಯ ಆ ಸಣ್ಣ ಊರಿನಲ್ಲಿ ದ್ಯಾಮವ್ವನ ಜಾತ್ರೆ ವರ್ಷವರ್ಷವೂ ನಡೆಯುವುದಿಲ್ಲ. ಮಳೆ, ಬೆಳೆ, ಮನೆಮನೆಯಿಂದ ಎತ್ತುವ ಪಟ್ಟಿ ಹಣ ಮತ್ತು ಮೇಲೋಣಿ-ಕೆಳಗೋಣಿಗಳ ನಡುವಿನ ಮಾತುಕತೆ, ಈ ನಾಲ್ಕೂ ಒಮ್ಮೆಲೇ ಕೂಡಿಬಂದ ವರ್ಷ ಮಾತ್ರ ಕಟ್ಟಿಗೆಯ ಮೂರ್ತಿಯನ್ನು ಗುಡಿಯಿಂದ ಇಳಿಸಿ ಬಣ್ಣಕ್ಕೆ ಕೂಡಿಸುತ್ತಾರೆ. ಅಂಥದೊಂದು ವರ್ಷ ಕಿನ್ನಾಳದಿಂದ ಬಂದ ಚಿತ್ರಗಾರರು ಹಳೆಯ ಬಣ್ಣವನ್ನು ಕೆರೆದು, ಬಿರುಕುಗಳಿಗೆ ಹುಣಸೆಬೀಜದ ಅಂಟಿನಲ್ಲಿ ಕಲಸಿದ ಕಿಟ್ಟವೆಂಬ ಲೇಪವನ್ನು ತುಂಬಿ, ಒಣಗಿಸಿ, ಉಜ್ಜಿ, ಇನ್ನೇನು ಕೆಂಪು ಹಚ್ಚಬೇಕು ಎನ್ನುವಷ್ಟರಲ್ಲಿ ಜಾತ್ರಾ ಕಮಿಟಿಯ ತರುಣನೊಬ್ಬ ತಡೆದ. ಆತ ಬೆಂಗಳೂರಿನಲ್ಲಿ ನೌಕರಿಯಲ್ಲಿದ್ದ. ಎಲ್ಲರಿಗಿಂತ ಹೆಚ್ಚು ಪಟ್ಟಿ ಕೊಟ್ಟಿದ್ದನಾದ್ದರಿಂದ ಅವನ ಮಾತನ್ನು ಒಮ್ಮೆಲೇ ತೆಗೆದುಹಾಕುವಂತಿರಲಿಲ್ಲ. ಅವ್ವ ಬಹಳ ಉಗ್ರವಾಗಿ ಕಾಣುತ್ತಾಳೆ, ಮಕ್ಕಳು ಹೆದರುತ್ತವೆ, ಈ ಸಲ ಸೌಮ್ಯವಾದ ಗುಲಾಬಿ ಇರಲಿ ಎಂಬುದು ಅವನ ವಾದ. ಕಮಿಟಿಯವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಹಿರಿಯ ಚಿತ್ರಗಾರರು ಮಾತ್ರ ಹೂಂ ಎನ್ನಲಿಲ್ಲ, ಊಹೂಂ ಎನ್ನಲಿಲ್ಲ. ತೆಂಗಿನ ಚಿಪ್ಪಿನಲ್ಲಿದ್ದ ಕೆಂಪಿಗೆ ಒಂದಿಷ್ಟು ಬಿಳಿ ಸುರಿದು, ಕಡ್ಡಿಯಿಂದ ತಿರುವಿ, ಮೊದಲು ತಮ್ಮ ಹೆಬ್ಬೆರಳಿನ ಉಗುರಿನ ಮೇಲೆ ಹಚ್ಚಿ ನೋಡಿಕೊಂಡು, ಆಮೇಲೆ ದೇವಿಯ ಬಲಗೆನ್ನೆಗಷ್ಟೇ ಬಳಿದು ಬೀಡಿ ಹಚ್ಚಲು ಹೊರಗೆ ಹೋದರು.

ದೀಪಕ್ಕೆ ಎಣ್ಣೆ ತಂದ ಮುದುಕಿಯೊಬ್ಬಳು ಅಡ್ಡ ಕಟ್ಟಿದ್ದ ಸೀರೆಯ ಸಂದಿಯಿಂದ ಇಣುಕಿದ್ದೇ ತಡ, "ಯಾಕಪ್ಪಾ, ಅವ್ವಗ ಜ್ವರ ಬಂದಾವೇನು?" ಎಂದು ಗಾಬರಿಯಾದಳು. ಅರ್ಧ ತಾಸಿನಲ್ಲಿ ಓಣಿಯ ಹೆಂಗಸರೆಲ್ಲ ನೆರೆದರು. ತರುಣನು ಸೌಮ್ಯತೆಯ ಬಗ್ಗೆ ಸಣ್ಣ ಉಪನ್ಯಾಸವನ್ನೇ ಕೊಟ್ಟ. ಎಲ್ಲವನ್ನೂ ತಾಳ್ಮೆಯಿಂದ ಕೇಳಿದ ಆ ಮುದುಕಿ, "ಸಿಟ್ಟು ಇಲ್ಲದಾಕಿ ಊರು ಹೆಂಗ ಕಾಯ್ತಾಳೋ ತಮ್ಮಾ? ನಾವೇನು ಆಕಿ ಮಾರಿ ನೋಡಿ ಹೆದರೀವೇನು? ಹೆದರೋರು ಬ್ಯಾರೆ ಅದಾರ" ಎಂದಳು. ಸಂಜೆಯೊಳಗೆ ಬಲಗೆನ್ನೆ ಮತ್ತೆ ಕೆಂಪಾಯಿತು. ಎರಡೂ ಕೆನ್ನೆಗೆ ಯಾಕೆ ಹಚ್ಚಲಿಲ್ಲ ಎಂದು ಯಾರೋ ಕೇಳಿದ್ದಕ್ಕೆ ಚಿತ್ರಗಾರರು, "ಬಣ್ಣ ತುಟ್ಟಿ ಅದಾವ್ರೀ, ದಂಡ ಯಾಕ ಮಾಡೋದು" ಎಂದರಂತೆ. ಪಟ್ಟಿ ವಾಪಸು ಕೊಡಿ ಎಂದು ತರುಣ ಕೇಳಿದನೆಂದೂ, ಕೇಳಲಿಲ್ಲವೆಂದೂ ಊರಿನಲ್ಲಿ ಎರಡು ಪಕ್ಷಗಳಿವೆ. ಅದು ಓಣಿಯ ಮೇಲೆ ಹೋಗುತ್ತದೆ.

ಅವನ ಗುಲಾಬಿಯನ್ನು ಅಮೆರಿಕದವರೂ ನಂಬಿದ್ದರು. ಸಿಯಾಟಲ್‌ನ ನೌಕಾಪಡೆಯ ಬಂದೀಖಾನೆಯೊಂದರಲ್ಲಿ 1979ರಲ್ಲಿ ಕೋಣೆಗೆ ಗುಲಾಬಿ ಬಳಿದು, ಕೈದಿಗಳ ಆರ್ಭಟ ತಗ್ಗಿತೆಂದು ಸಾರಿದರು. ಆ ಬಣ್ಣಕ್ಕೆ ಇಬ್ಬರು ಅಧಿಕಾರಿಗಳ ಹೆಸರು ಕೂಡಿಸಿ ಬೇಕರ್-ಮಿಲ್ಲರ್ ಪಿಂಕ್ ಎಂದು ಕರೆದರು. ಮುಂದೆ ಸ್ವಿಟ್ಜರ್ಲೆಂಡಿನ ಜೈಲಿನಲ್ಲಿ ಗುಲಾಬಿ ಕೋಣೆಯನ್ನೂ ಬಿಳಿ ಕೋಣೆಯನ್ನೂ ಹೋಲಿಸಿ ನೋಡಿದಾಗ ಅಂಥ ಪರಿಣಾಮ ಕಾಣಲಿಲ್ಲವೆಂದು 2015ರಲ್ಲಿ ಪ್ರಕಟವಾಯಿತು. ಸ್ವಿಸ್ ಪಂಡಿತರು ಅಷ್ಟು ಖರ್ಚು ಮಾಡುವ ಮೊದಲು ಎಣ್ಣೆ ತಂದ ಮುದುಕಿಯನ್ನು ಒಂದು ಮಾತು ಕೇಳಬಹುದಿತ್ತು.

ಇಷ್ಟಾಗಿ ಕೆಂಪು ನಮಗೆ ಹೊಸಬರ ಬಣ್ಣವಲ್ಲ. ಗಂಗಾವತಿಯ ಹತ್ತಿರದ ಹಿರೇಬೆಣಕಲ್ಲಿನ ಬಂಡೆಗಳ ಅಡಿಯಲ್ಲಿ ಬೇಟೆಗಾರರನ್ನೂ ಪ್ರಾಣಿಗಳನ್ನೂ ಕುಣಿಯುವವರನ್ನೂ ಬರೆದವರು ಕೆಮ್ಮಣ್ಣಿನಲ್ಲೇ ಬರೆದರು. ಆ ಕೆಂಪಿಗೆ ಕಾರಣ ಕಬ್ಬಿಣದ ಆಕ್ಸೈಡ್. ಸಂಡೂರಿನ ಅದಿರಿನ ಲಾರಿಗಳು ದಾರಿಯ ಬೇವಿನ ಎಲೆಗೂ ನಮ್ಮ ಅಂಗಿಯ ಕಾಲರಿಗೂ ಮೆತ್ತುವ ದೂಳಿನಲ್ಲಿರುವುದೂ ಅದೇ. ಬಂಡೆಯ ಮೇಲೆ ಕುಣಿಯುವವರನ್ನು ಕಂಡರೆ ನನಗೆ ಖುಷಿಯಾಗುತ್ತದೆ, ಒಗೆದು ಹಾಕಿದ ಅಂಗಿಯ ಮೇಲೆ ಕಂಡರೆ ಮೈ ಉರಿಯುತ್ತದೆ. ಒಂದೇ ಕೆಂಪು, ಒಬ್ಬನೇ ಮನುಷ್ಯ. ಶೇಡ್ ಕಾರ್ಡಿನವರು ಇದಕ್ಕೆ ಯಾವ ಹೆಸರು ಕೊಡುತ್ತಾರೋ ಕಾಣೆ.

ನೀಲಿಯ ಕಡೆಯವರು ಕೊನೆಗೆ ಪಿಕಾಸೊನನ್ನು ಕರೆತರುತ್ತಾರೆ. ಗೆಳೆಯನ ಆತ್ಮಹತ್ಯೆಯ ದುಃಖದಲ್ಲಿ ಆತ 1901ರಿಂದ 1904ರವರೆಗೆ ನೀಲಿಯಲ್ಲೇ ಮುಳುಗಿ ಭಿಕ್ಷುಕರನ್ನೂ ಕುರುಡರನ್ನೂ ಬರೆದನೆಂಬುದು ಸರಿಯೇ. ಹಾಗಾದರೆ ನೀಲಿ ಶಾಂತಿಯೋ, ದುಃಖವೋ? ಯುರೋಪಿನ ಚಳಿಯಲ್ಲಿ ಕುಳಿತವರು ಕೆಂಪು-ಹಳದಿಗಳನ್ನು ಬೆಚ್ಚನೆಯ ಬಣ್ಣವೆಂದು ಹೊಗಳಿ, ನೀಲಿಯನ್ನು ತಣ್ಣಗಿನದೆಂದು ದೂರ ಕೂಡಿಸಿದ್ದಕ್ಕೆ ಅವರ ಹವೆಯೂ ಒಂದಿಷ್ಟು ಕಾರಣವಿರಬೇಕೆಂಬುದು ನನ್ನ ಗುಮಾನಿ. ರಾಯಚೂರಿನಲ್ಲಿ ಮೇ ತಿಂಗಳ ಮಧ್ಯಾಹ್ನ ಯಾರನ್ನಾದರೂ ಬೆಚ್ಚಗಿದ್ದೀರಾ ಎಂದು ಕೇಳಿ ನೋಡಿ, ಜಗಳವೇ ಆದೀತು. ಆ ಹೊತ್ತಿನಲ್ಲಿ ನನ್ನನ್ನೊಂದು ನೀಲಿ ಕೋಣೆಯಲ್ಲಿ ಕೂರಿಸಿ ಕೂಲರ್ ಹಚ್ಚಿದರೆ ನಾನು ಶಾಂತನಾಗುವುದಷ್ಟೇ ಅಲ್ಲ, ಗೊರಕೆಯನ್ನೂ ಹೊಡೆಯುತ್ತೇನೆ. ಬಣ್ಣದ ಕಂಪನಿಯವರು ಅದನ್ನು ತಮ್ಮ ಲೆಕ್ಕಕ್ಕೆ ಬರೆದುಕೊಳ್ಳುತ್ತಾರೆ; ಕೂಲರಿಗೆ ಬಿಂದಿಗೆಗಟ್ಟಲೆ ನೀರು ಹೊತ್ತು ಸುರಿದವರ ಹೆಸರನ್ನು ಯಾರೂ ಎತ್ತುವುದಿಲ್ಲ.