ಮೊಲ ಕೊಳ್ಳಬೇಡಿ, ಮೊದಲು ಒಂದು ತಿಂಗಳು ಇಟ್ಟುಕೊಂಡು ನೋಡಿ

ಮೊನ್ನೆ ಚಿಕ್ಕಮ್ಮನ ಮಗಳು ಫೋನ್ ಮಾಡಿದ್ದಳು. "ಅಕ್ಕಾ, ಪುಟ್ಟಿ ಬರ್ತ್‌ಡೇಗೆ ಒಂದು ಜೊತೆ ಮೊಲ ಕೊಡಿಸೋಣ ಅಂತಿದೀವಿ. ನಿಮ್ಮನೇಲಿ ಇವೆಯಲ್ಲ, ಎಲ್ಲಿ ತಗೊಂಡ್ರಿ?" ಅಂದಳು. ತಗೊಂಡಿಲ್ಲ ಕಣೇ, ಬಂದವು ಅಂದೆ. ಆಮೇಲೆ ಮುಕ್ಕಾಲು ಗಂಟೆ ಮಾತಾಡಿದೆವು. ಅವಳಿಗೆ ಹೇಳಿದ್ದನ್ನೇ ಇಲ್ಲೂ ಬರೆಯುತ್ತಿದ್ದೇನೆ, ಯಾಕೆಂದರೆ ಈ ಪ್ರಶ್ನೆ ಕೇಳುವವರು ಈಚೆಗೆ ಜಾಸ್ತಿಯಾಗಿದ್ದಾರೆ.

2023ರ ಜುಲೈ. ಬೀದಿ ಪ್ರಾಣಿಗಳನ್ನು ನೋಡಿಕೊಳ್ಳುವ ಪರಿಚಯದ ಹುಡುಗಿ ರಾತ್ರಿ ಒಂಬತ್ತಕ್ಕೆ ಕರೆ ಮಾಡಿದಳು. ಬೆಂಗಳೂರಿನಲ್ಲಿ ನಮ್ಮ ಮನೆಗೆ ಎರಡೇ ರಸ್ತೆ ಆಚೆ, ಒಂದು ಅಪಾರ್ಟ್‌ಮೆಂಟ್ ಗೇಟಿನ ಹತ್ತಿರ, ರಟ್ಟಿನ ಡಬ್ಬದಲ್ಲಿ ಯಾರೋ ಬಿಳಿ ಮೊಲ ಇಟ್ಟು ಹೋಗಿದ್ದಾರೆ, ಮಳೆ ಬೇರೆ ಹನಿಯುತ್ತಿದೆ, ಎರಡು ವಾರ ಫಾಸ್ಟರ್ ಮಾಡ್ತೀರಾ ಆಂಟಿ, ಅಂದರೆ ತಾತ್ಕಾಲಿಕವಾಗಿ ಮನೆಯಲ್ಲಿಟ್ಟು ನೋಡ್ಕೊಳ್ತೀರಾ, ಅಷ್ಟರಲ್ಲಿ ಮನೆ ಹುಡುಕ್ತೀನಿ ಅಂದಳು. ಡಬ್ಬದೊಳಗೆ ಅರ್ಧ ಕ್ಯಾರೆಟ್ ಇತ್ತು. ಆ ಕ್ಯಾರೆಟ್ ನೋಡಿ ನನಗೆ ಹೊಟ್ಟೆ ಕಿವುಚಿದ ಹಾಗಾಯಿತು. ಬಿಟ್ಟು ಹೋದವರಿಗೂ ಅದರ ಮೇಲೆ ಪ್ರೀತಿ ಇತ್ತು. ಗೊತ್ತಿರಲಿಲ್ಲ, ಅಷ್ಟೇ.

ನಮ್ಮ ಅತ್ತೆ ಮೊದಲು ಕೇಳಿದ್ದು, "ಇದರ ಹಿಕ್ಕೆ ಯಾರಮ್ಮ ಗುಡಿಸೋದು?" ನ್ಯಾಯವಾದ ಪ್ರಶ್ನೆ. ಮೊಲ ತಾನೇ ಒಂದು ಮೂಲೆ ಆರಿಸಿಕೊಳ್ಳುತ್ತದೆ. ಆ ಮೂಲೆಯಲ್ಲಿ ಟ್ರೇ ಇಟ್ಟು, ಪೇಪರ್ ಹಾಸಿ, ಪಕ್ಕದಲ್ಲೇ ಹುಲ್ಲು ಇಟ್ಟರೆ ತಿನ್ನುತ್ತಾ ಅಲ್ಲೇ ಮುಗಿಸುತ್ತದೆ. ನಮ್ಮದು ಒಂದು ವಾರದಲ್ಲಿ ಕಲಿತಿತು. ಅದಕ್ಕೆ ತುಂಬೆ ಅಂತ ಹೆಸರಿಟ್ಟೆವು, ತುಂಬೆ ಹೂವಿನಷ್ಟೇ ಬೆಳ್ಳಗಿದ್ದಳು.

ಮೂರನೇ ವಾರ ತುಂಬೆ ಬಾಯಿ ತುಂಬ ಒಣಹುಲ್ಲು ಕಚ್ಚಿಕೊಂಡು ಮಂಚದ ಕೆಳಗೆ ಓಡಾಡಲು ಶುರು ಮಾಡಿದಳು. ಸಂಜೆ ನೋಡಿದರೆ ಎದೆಯ ಕೂದಲನ್ನು ತಾನೇ ಕಿತ್ತು ಹುಲ್ಲಿನ ಮೇಲೆ ಹಾಸುತ್ತಿದ್ದಾಳೆ. ಚರ್ಮದ ಕಾಯಿಲೆ ಅಂದುಕೊಂಡು ನಾನು ಫೋಟೋ ತೆಗೆಯುತ್ತಿದ್ದೆ. ಅತ್ತೆ ಬಗ್ಗಿ ನೋಡಿದವರೇ, "ಕಾಯಿಲೆ ಅಲ್ಲ, ಇದು ಬಸುರಿ ಕಣೇ" ಅಂದರು. ಬೆಳಗ್ಗೆ ಐದು ಮರಿಗಳು. ಹೆಬ್ಬೆರಳುದ್ದ, ಮೈಮೇಲೆ ಕೂದಲಿಲ್ಲ, ಕಣ್ಣು ಮುಚ್ಚಿದೆ. ಮೊಲದ ಬಸಿರು ಸುಮಾರು 30 ದಿನ. ಅಂದರೆ ಬಸುರಿಯನ್ನೇ ಆ ಡಬ್ಬದಲ್ಲಿ ಕೂರಿಸಿ ಹೋಗಿದ್ದರು.

ಆಮೇಲೆ ಇಡೀ ದಿನ ತುಂಬೆ ಮರಿಗಳ ಹತ್ತಿರ ಸುಳಿಯಲೇ ಇಲ್ಲ. ತಾಯಿ ಬಿಟ್ಟುಬಿಟ್ಟಳು ಅಂತ ನಾನು ಹಾಲು ಬೆಚ್ಚಗೆ ಮಾಡಿಕೊಂಡು ಫಿಲ್ಲರ್ ಹಿಡಿದು ಕೂತಿದ್ದೆ. ಪ್ರಾಣಿ ಡಾಕ್ಟರಿಗೆ ಫೋನ್ ಮಾಡಿದಾಗ ಅವರು ಹಾಲು ಹಾಕಬೇಡಿ, ಮರಿಯ ಹೊಟ್ಟೆ ನೋಡಿ ಅಂದರು. ಐದೂ ಹೊಟ್ಟೆ ಗುಂಡಗಿದ್ದವು! ತಾಯಿ ಮೊಲ ಹಾಲೂಡಿಸುವುದು ದಿನಕ್ಕೆ ಒಂದೋ ಎರಡೋ ಸಲ, ಅದೂ ಮೂರ್ನಾಲ್ಕು ನಿಮಿಷ, ಹೆಚ್ಚಾಗಿ ರಾತ್ರಿ ಅಥವಾ ನಸುಕಿನಲ್ಲಿ. ಉಳಿದ ಹೊತ್ತು ದೂರ ಇರುತ್ತಾಳೆ, ತನ್ನ ವಾಸನೆ ಹಿಡಿದು ಬೇರೆ ಪ್ರಾಣಿ ಮರಿಗಳ ಹತ್ತಿರ ಬರಬಾರದು ಅಂತ. ದೂರ ಇರುವುದೇ ಅವಳ ಕಾವಲು. ಅದು ಗೊತ್ತಾದ ಮೇಲೆ ಅತ್ತೆ ದಿನಾ ಬೆಳಗ್ಗೆ ಕಾಫಿಗೂ ಮುಂಚೆ ಐದು ಹೊಟ್ಟೆ ಮುಟ್ಟಿ ನೋಡುತ್ತಿದ್ದರು. ಹತ್ತನೇ ದಿನ ಮೊದಲ ಮರಿ ಕಣ್ಣು ಬಿಟ್ಟಿದ್ದು ನೋಡಿದವರೂ ಅವರೇ.

ಜೊತೆ ಕೊಡಿಸುತ್ತೇನೆ ಅನ್ನುವವರಿಗೆ ಇದಕ್ಕೇ ಹೇಳುವುದು. ಸಣ್ಣ ಮರಿಯಲ್ಲಿ ಗಂಡು ಹೆಣ್ಣು ಗುರುತಿಸುವುದು ಕಷ್ಟ. "ಎರಡೂ ಹೆಣ್ಣೇ" ಅಂತ ಕೊಟ್ಟ ಜೋಡಿ ಕೆಲವು ತಿಂಗಳಲ್ಲಿ ಏಳಾಗಿರುತ್ತದೆ, ಮತ್ತು ಮರಿ ಹಾಕಿದ ದಿನವೇ ಹೆಣ್ಣು ಮತ್ತೆ ಗಬ್ಬ ನಿಲ್ಲಬಹುದು. ಆಪರೇಷನ್ ಮಾಡಿಸಲೇಬೇಕು. ಮರಿ ತಡೆಯಲು ಮಾತ್ರ ಅಲ್ಲ, ಆಪರೇಷನ್ ಆಗದ ಹೆಣ್ಣು ಮೊಲಗಳಿಗೆ ವಯಸ್ಸಾಗುತ್ತಾ ಗರ್ಭಕೋಶದ ಕ್ಯಾನ್ಸರ್ ಬರುವುದು ತುಂಬಾ ಸಾಮಾನ್ಯ.

ಕೆಲವರು ಸಾಕಾದರೆ ಪಾರ್ಕಿನಲ್ಲಿ ಬಿಡೋಣ, ಮೊಲ ಕಾಡುಪ್ರಾಣಿ ತಾನೇ ಅನ್ನುತ್ತಾರೆ. ದಯವಿಟ್ಟು ಬೇಡ. ನಮ್ಮ ಹೊಲ, ಕುರುಚಲು ಕಾಡಲ್ಲಿ ಓಡುವ ಮೊಲವೇ ಬೇರೆ. ಅದರ ಮರಿ ಹುಟ್ಟುವಾಗಲೇ ಮೈತುಂಬ ಕೂದಲು, ಕಣ್ಣು ತೆರೆದಿರುತ್ತದೆ, ಬಯಲಲ್ಲೇ ಬದುಕುತ್ತದೆ. ಅದನ್ನು ಹಿಡಿದು ಸಾಕುವಂತೆಯೂ ಇಲ್ಲ, 1972ರ ವನ್ಯಜೀವಿ ಕಾಯ್ದೆ ಇದೆ. ಮನೆಯಲ್ಲಿ ಸಾಕುವ ಮೊಲದ ಮೂಲ ಯುರೋಪಿನದು, ಬಿಲದಲ್ಲಿ ಬದುಕುವ ಜಾತಿ. ಬೆಳ್ಳಗಿನ ತುಂಬೆಯನ್ನು ಪಾರ್ಕಿನಲ್ಲಿ ಬಿಟ್ಟಿದ್ದರೆ ನಾಯಿಗೋ ಹದ್ದಿಗೋ ಒಂದು ದಿನ ಸಾಕಿತ್ತು.

ಎರಡು ತಿಂಗಳಾದ ಮೇಲೆ ಮರಿಗಳಿಗೆ ಮನೆ ಹುಡುಕಿದೆವು. ಒಬ್ಬರು ಬಾಲ್ಕನಿಯಲ್ಲಿ ಪಂಜರ ರೆಡಿ ಮಾಡಿದ್ದೇವೆ ಅಂತ ಫೋಟೋ ಕಳಿಸಿದರು. ಒಲ್ಲೆ ಅಂದೆ. ಬೇಜಾರಾದರು, ಆದರೂ ನನಗೆ ಅದು ಸರಿಯೇ ಅನ್ನಿಸುತ್ತದೆ. ಮೊಲಕ್ಕೆ ಬಿಸಿಲು ತಡೆಯಲ್ಲ, ಬೆವರುವುದಿಲ್ಲ, ಮೈ ತಂಪಾಗುವುದು ಹೆಚ್ಚಾಗಿ ಕಿವಿಯಿಂದ. 2024ರ ಏಪ್ರಿಲ್‌ನಲ್ಲಿ ಬೆಂಗಳೂರು 38 ಡಿಗ್ರಿ ಮುಟ್ಟಿತ್ತಲ್ಲ, ಆಗ ನಾವು ನೀರಿನ ಬಾಟಲಿ ಫ್ರೀಜರಿನಲ್ಲಿಟ್ಟು, ಗಟ್ಟಿಯಾದ ಮೇಲೆ ಬಟ್ಟೆ ಸುತ್ತಿ ಪಕ್ಕದಲ್ಲಿಡುತ್ತಿದ್ದೆವು, ಗಂಟೆಗೊಮ್ಮೆ ಒದ್ದೆ ಕೈಯಿಂದ ಕಿವಿ ಸವರುತ್ತಿದ್ದೆವು. ಬಾಲ್ಕನಿಯ ಪಂಜರದಲ್ಲಿದ್ದರೆ ಏನಾಗುತ್ತಿತ್ತು?

ಊಟದ ವಿಷಯ. ಕ್ಯಾರೆಟ್ ಸಿಹಿ ತಿಂಡಿ ಇದ್ದ ಹಾಗೆ, ಅಪರೂಪಕ್ಕೆ ಒಂದು ಚೂರು ಸಾಕು. ಹೊಟ್ಟೆ ತುಂಬಬೇಕಾದ್ದು ಹುಲ್ಲಿನಿಂದ. ಹಲ್ಲು ಜೀವನಪೂರ್ತಿ ಬೆಳೆಯುತ್ತಲೇ ಇರುತ್ತದೆ, ನಾರು ಅಗಿದು ಅಗಿದೇ ಸವೆಯಬೇಕು. ಹೊರದೇಶದ ಹುಲ್ಲು ದುಬಾರಿ. ನಮ್ಮ ಬೀದಿಯ ಹೂವಿನಮ್ಮ ಗಣಪತಿ ಪೂಜೆಗೆ ಅಂತ ತರುವ ಗರಿಕೆಯಲ್ಲಿ ನಮಗೂ ಒಂದು ಕಟ್ಟು ತೆಗೆದಿಡುತ್ತಾರೆ, ತೊಳೆದು ಆರಿಸಿ ಒಣಹುಲ್ಲಿನ ಜೊತೆ ಕೊಡುತ್ತೇನೆ. ಸ್ವಲ್ಪ ಕೊತ್ತಂಬರಿ, ಪುದೀನ. ಅನ್ನ, ಬಿಸ್ಕತ್ತು, ಈರುಳ್ಳಿ ಬೇಡವೇ ಬೇಡ.

ಒಂದು ಭಾನುವಾರ ತುಂಬೆ ಕೊತ್ತಂಬರಿಗೆ ಬರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಟ್ರೇಯಲ್ಲಿ ಹಿಕ್ಕೆಯೂ ಇಲ್ಲ. ಹತ್ತಿರದ ಕ್ಲಿನಿಕ್ಕಿನಲ್ಲಿ ನಾಳೆವರೆಗೆ ನೋಡೋಣ ಅಂದರು. ಮೊಲ ಅರ್ಧ ದಿನ ಊಟ ಬಿಟ್ಟರೆ ಕರುಳಿನ ಚಲನೆಯೇ ನಿಂತು ಜೀವ ಹೋಗಬಹುದು, ನಾಳೆ ಅನ್ನುವ ಮಾತೇ ಇಲ್ಲ. ಮೊಲ ನೋಡಿ ಅಭ್ಯಾಸ ಇದ್ದ ಇನ್ನೊಬ್ಬ ಡಾಕ್ಟರ್ ಸಿಕ್ಕಿದ್ದು ಸಂಜೆ, ಹದಿನೈದು ಕಿಲೋಮೀಟರ್ ಆಚೆ. ನೋವಿಗೆ ಇಂಜೆಕ್ಷನ್, ಮನೆಗೆ ಬಂದು ನೆನೆಸಿ ಅರೆದ ಆಹಾರ ಸಿರಿಂಜಿನಲ್ಲಿ ಎರಡೆರಡು ಗಂಟೆಗೆ. ಬೆಳಗಿನ ಜಾವ ನಾಲ್ಕಕ್ಕೆ ನಾಲ್ಕೇ ನಾಲ್ಕು ಹಿಕ್ಕೆ ಬಿತ್ತು. ಅತ್ತೆ ಕೈ ಮುಗಿದರು. ನಾನು ಅತ್ತುಬಿಟ್ಟೆ.

ನಾಯಿ ನೋಡುವ ಡಾಕ್ಟರೆಲ್ಲ ಮೊಲ ನೋಡಲಾರರು, ಇದು ಅವರ ತಪ್ಪಲ್ಲ. ನಾಯಿಗೆ ಉಣ್ಣೆ ಹುಳ ಹೋಗಲು ಹಾಕುವ ಕೆಲವು ಔಷಧಿ ಮೊಲಕ್ಕೆ ವಿಷ, ಬಾಯಿಗೆ ಕೊಡುವ ಅಮಾಕ್ಸಿಸಿಲಿನ್ ಅದರ ಹೊಟ್ಟೆ ಕೆಡಿಸಿ ಕೊಲ್ಲಬಹುದು. ಮೊಲ ಬರುವ ಮುಂಚೆ ಡಾಕ್ಟರನ್ನು ಹುಡುಕಿ ನಂಬರ್ ಬರೆದಿಡಿ.

ಇಷ್ಟೆಲ್ಲ ನನಗೆ ಗೊತ್ತಾಗಿದ್ದು ಇಟ್ಟುಕೊಂಡ ಮೇಲೆ. ಫಾಸ್ಟರ್ ಅಂತ ನಾನು ಒತ್ತಿ ಹೇಳುವುದು ಅದಕ್ಕೆ. ನಮ್ಮ ಮೇಲಿನ ಮನೆಯವರು ಒಂದು ಮರಿಯನ್ನು ಮೂರು ವಾರ ಇಟ್ಟುಕೊಂಡಿದ್ದರು. ಒಣಹುಲ್ಲಿನ ಧೂಳಿಗೆ ಅವರ ಮಗನಿಗೆ ಉಬ್ಬಸ ಶುರುವಾಯಿತು. ಅಳುತ್ತಾ ವಾಪಸ್ ತಂದುಕೊಟ್ಟರು, ತಪ್ಪು ಮಾಡಿದೆವು ಅಂತ ನೊಂದುಕೊಂಡರು. ತಪ್ಪು ಎಲ್ಲಿ ಬಂತು? ಆ ಮರಿ ಈಗ ಬೇರೆ ಮನೆಯಲ್ಲಿ ಸುಖವಾಗಿದೆ. ಅದೇ ಮರಿಯನ್ನು ಅಂಗಡಿಯಿಂದ ತಂದಿದ್ದರೆ ಅದಕ್ಕೆ ವಾಪಸ್ ಹೋಗಲು ಜಾಗವೇ ಇರುತ್ತಿರಲಿಲ್ಲ. ಚೆನ್ನಾಗಿ ನೋಡಿಕೊಂಡರೆ ಮೊಲ 8ರಿಂದ 12 ವರ್ಷ ಬದುಕುತ್ತದೆ, ಮೂರನೇ ಕ್ಲಾಸಿನ ಮಗುವಿಗೆ ಕೊಡಿಸಿದರೆ ಅದು ಕಾಲೇಜು ಮುಟ್ಟುವವರೆಗೆ. ಅಷ್ಟು ವರ್ಷದ ಮಾತು ಕೊಡುವ ಮುಂಚೆ ಒಂದು ತಿಂಗಳು ಜೊತೆಗಿದ್ದು ನೋಡಬೇಕು ಅಲ್ವಾ?

ತುಂಬೆ ಮತ್ತು ಅವಳ ಒಬ್ಬ ಮಗಳು ಎಳ್ಳು ನಮ್ಮಲ್ಲೇ ಉಳಿದರು. ಎಳ್ಳು ಖುಷಿಯಾದರೆ ಗಾಳಿಯಲ್ಲಿ ಹಾರಿ ಮೈ ತಿರುಚುತ್ತಾಳೆ, ಹೆದರಿದರೆ ಹಿಂಗಾಲಿನಿಂದ ನೆಲಕ್ಕೆ ಧಡ್ ಅಂತ ಬಡಿಯುತ್ತಾಳೆ. ಇಬ್ಬರಿಗೂ ಎತ್ತಿಕೊಳ್ಳುವುದು ಇಷ್ಟವಿಲ್ಲ. ಕಿವಿ ಹಿಡಿದು ಎತ್ತುವುದಂತೂ ಹಿಂಸೆ, ಗಾಬರಿಯಲ್ಲಿ ಒದೆಯುವಾಗ ತನ್ನ ಬೆನ್ನುಮೂಳೆಯನ್ನೇ ಮುರಿದುಕೊಳ್ಳಬಹುದು. ಮೊಲದ ಪ್ರೀತಿ ಬೇಕಾದರೆ ನಾವು ನೆಲಕ್ಕೆ ಇಳಿಯಬೇಕು. ತುಂಬೆ ಮೊದಲ ಸಲ ನನ್ನ ಕೈ ನೆಕ್ಕಿದ್ದು ಬಂದು ಐದು ತಿಂಗಳಾದ ಮೇಲೆ.

ತಂಗಿ ಈಗ ಒಪ್ಪಿದ್ದಾಳೆ. ನಮ್ಮ ಹಿಂದಿನ ಕೋಣೆಯಲ್ಲಿ ಆಪರೇಷನ್ ಆದ ಬೂದು ಬಣ್ಣದ ಗಂಡು ಮೊಲ ಫಾಸ್ಟರ್‌ಗೆ ಬಂದಿದೆ, ಒಂದು ಕಿವಿ ಸ್ವಲ್ಪ ಹರಿದಿದೆ, ಮನುಷ್ಯರನ್ನು ಕಂಡರೆ ಇನ್ನೂ ಭಯ. ಶನಿವಾರ ಪುಟ್ಟಿ ಅದನ್ನು ನೋಡಲು ಬರುತ್ತಾಳೆ. ಎತ್ತಿಕೊಳ್ಳುವಂತಿಲ್ಲ, ಸುಮ್ನೆ ನೆಲದ ಮೇಲೆ ಕೂತು ಮೆಲ್ಲಗೆ ಪುಸ್ತಕ ಓದಬೇಕು, ಅದಾಗೇ ಹತ್ತಿರ ಬಂದರೆ ಬರಲಿ ಅಂತ ಹೇಳಿದ್ದೇನೆ. ಫೋನಿನಲ್ಲಿ ಸ್ವಲ್ಪ ಹೊತ್ತು ಯೋಚನೆ ಮಾಡಿ, "ಎಷ್ಟು ಪುಸ್ತಕ ತರಲಿ ದೊಡ್ಡಮ್ಮಾ?" ಅಂತ ಕೇಳಿದಳು.